ನಾಲ್ಕು ಗಂಟೆಯ ಚಹಾ

ಟಿಕಳಿ ಬಂದ ಮೇಲೆ ಜೀವಕರೆ ಕೇಂದ್ರದಲ್ಲಿ ಒಬ್ಬರಾದರೂ ಆಕಳಿಸಿದ್ದನ್ನು ಕಸ್ತೂರಿ ಹಡಪದ ಕಂಡಿರಲಿಲ್ಲ. ಎರಡು ವರ್ಷ ದಾಟಿದರೂ ಒಂದೇ ಒಂದು ಆಕಳಿಕೆಯೂ ಇಲ್ಲ. ಅದು ಅವಳ ಗಮನಕ್ಕೆ ಬಂದದ್ದು ಮಾತ್ರ ಪಕ್ಕದ ಮೇಜಿನ ಜುಬೇದಾ ತೀರಿಕೊಂಡು ನಾಲ್ಕು ತಿಂಗಳಾದ ಮೇಲೆ, ಜುಬೇದಾಳ ಮಗಳು ಗೇಟಿನ ಹತ್ತಿರ ಬಂದು ನಿಂತು ಒಂದು ಪ್ರಶ್ನೆ ಕೇಳಿದ ದಿನ. ಆ ಪ್ರಶ್ನೆಗೆ ಬರುವ ಮೊದಲು ಈ ಟಿಕಳಿ ಎಂದರೇನು ಎಂಬುದನ್ನು ಹೇಳಿಬಿಡಬೇಕು.

ಹಣೆಗೆ ಹಚ್ಚಿಕೊಳ್ಳುವ ಟಿಕಳಿಯಲ್ಲ ಅದು. ಹಳೆಯ ಎಂಟಾಣೆಯಷ್ಟು ಅಗಲದ, ಮೈಬಣ್ಣದ, ತೆಳ್ಳಗಿನ ಬಿಲ್ಲೆ. ತಯಾರಿಸಿದವರು ಅದಕ್ಕೆ ಬಾಯಿಗೆ ಹತ್ತದ ಹೆಸರೊಂದನ್ನು ಇಟ್ಟಿದ್ದರು. ಕಿವಿಯ ಹಿಂದೆ, ಎಲುಬು ಉಬ್ಬಿರುವ ಕಡೆ ಅಂಟಿಸಿಕೊಳ್ಳುವುದಾದ್ದರಿಂದ ಕೇಂದ್ರದ ಹೆಣ್ಣುಮಕ್ಕಳು ಮೊದಲ ದಿನವೇ ಕಿವಿಟಿಕಳಿ ಎಂದರು. ವಾರದೊಳಗೆ ಬರೀ ಟಿಕಳಿ ಆಯಿತು. ಆಮೇಲೆ ಹುರಿಮೀಸೆಯ ಗಂಡಸರೂ ಬೆಳಗ್ಗೆ ಎದ್ದು ನನ್ನ ಟಿಕಳಿ ಎಲ್ಲಿ ಎಂದು ಮನೆಯೆಲ್ಲ ಹುಡುಕುವಂತಾಯಿತು.

ದುಡಿಯುವ ಮಿದುಳಿನಲ್ಲಿ, ಒಲೆಯ ಮೇಲಿನ ಗೋಡೆಗೆ ಮಸಿ ಹಿಡಿಯುವಂತೆ, ದಣಿವಿನ ಪದಾರ್ಥವೊಂದು ಕೂಡುತ್ತಾ ಹೋಗುತ್ತದಂತೆ. ಅದು ಹೆಚ್ಚಾದಾಗಲೇ ರೆಪ್ಪೆ ಭಾರವಾಗುವುದು, ಸಿಡಿಮಿಡಿಯಾಗುವುದು, ಕೂಡಿಸುವ ಕಡೆ ಕಳೆಯುವುದು. ಟಿಕಳಿ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಸೆಕೆಂಡು, ಕಿವಿಗೆ ಕೇಳಿಸದಷ್ಟು ಸಣ್ಣ ಕಂಪನವನ್ನು ಒಳಗೆ ಕಳಿಸಿ ಆ ಮಸಿಯನ್ನು ತೊಳೆದುಬಿಡುತ್ತದೆ. ಕಿವಿಯ ಹಿಂದೆ ಒಂದು ಇರುವೆ ಹರಿದಂತಾಗುತ್ತದೆ, ಅಷ್ಟೇ. ಆಮೇಲೆ ಬೆಳಗ್ಗೆ ಎದ್ದು ತಣ್ಣೀರಲ್ಲಿ ಮುಖ ತೊಳೆದ ಹಾಗೆ.

ಕೇಂದ್ರ ಇದ್ದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ. ಆರು ಜಿಲ್ಲೆಗಳಲ್ಲಿ ಯಾರಿಗೆ ಎದೆ ಹಿಡಿದರೂ, ಹಾವು ಕಚ್ಚಿದರೂ, ಹೆರಿಗೆ ನೋವು ಎದ್ದರೂ ಫೋನು ಬರುವುದು ಇಲ್ಲಿಗೆ. ಗೋಡೆ ತುಂಬ ನಕಾಶೆ, ಅದರ ಮೇಲೆ ಆಂಬುಲೆನ್ಸುಗಳು ಹಸಿರು ಚುಕ್ಕೆಗಳಾಗಿ ಹರಿದಾಡುತ್ತಿರುತ್ತವೆ. ಒಂದು ಸಲ ಇಡೀ ಕೆಲಸವನ್ನು ಯಂತ್ರಕ್ಕೆ ವಹಿಸಿ ನೋಡಿದ್ದರು. ಆದರೆ ಹನಮಪ್ಪನ ಗುಡಿ ಹಿಂದ, ಮೊದಲ ಬಾಳೆಹಣ್ಣು ಮಾರ್ತಿದ್ನಲ್ಲ ಅವರ ಮನಿ ಎಂಬ ವಿಳಾಸ ಯಾವ ಯಂತ್ರಕ್ಕೂ ತಿಳಿಯಲಿಲ್ಲ. ಅದಕ್ಕೆ ಕಸ್ತೂರಿ ಬೇಕು, ಜುಬೇದಾ ಬೇಕು.

ಟಿಕಳಿಗೆ ಮೊದಲು ದಿನಕ್ಕೆ ಎರಡು ವಿರಾಮ ಇದ್ದವು, ಹನ್ನೊಂದಕ್ಕೆ ಒಂದು, ನಾಲ್ಕಕ್ಕೆ ಒಂದು, ಹದಿನೈದು ಹದಿನೈದು ನಿಮಿಷ. ಹೋಗುವುದು ಜೋಡಿಯಾಗಿ. ಒಂದು ಜೋಡಿ ಎದ್ದರೆ ಪಕ್ಕದ ಜೋಡಿ ಅವರ ಕರೆಗಳನ್ನು ನೋಡಿಕೊಳ್ಳಬೇಕು. ಕಸ್ತೂರಿ ಹಡಪದ, ಜುಬೇದಾ ನದಾಫ್ ಒಂಬತ್ತು ವರ್ಷ ಒಂದೇ ಜೋಡಿ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗಲೇ ಜುಬೇದಾ ಆಕಳಿಸುತ್ತಿದ್ದಳು. ಬಾಯಿಗೆ ಕೈ ಅಡ್ಡ ಹಿಡಿಯುವ ನಾಜೂಕಿಲ್ಲ. ಕೊನೆಯ ಸಾಲಿನವರೂ ತಿರುಗಿ ನೋಡುವಂಥ, ಗಡಿಯಾರಕ್ಕಿಂತ ನಂಬಿಗಸ್ತ ಆಕಳಿಕೆ. ಆಮೇಲೆ ಚಹಾದ ಕೋಣೆ, ಅವಳ ಮನೆಯಿಂದ ಬಂದ ಸ್ಟೀಲಿನ ಥರ್ಮಾಸು, ಯಾಲಕ್ಕಿ ಹೆಚ್ಚಾದ ಚಹಾ. ಜುಬೇದಾ ಬಸಿಯಲ್ಲಿ ಸುರಿದುಕೊಂಡು ಸೊರ್ ಎಂದು ಕುಡಿಯುತ್ತ, ಬೆಳಗಿನಿಂದ ಫೋನು ಮಾಡಿದವರ ದನಿಗಳನ್ನೆಲ್ಲ ಒಂದೊಂದಾಗಿ ಆಡಿ ತೋರಿಸುತ್ತಿದ್ದಳು. ಅಣ್ಣಿಗೇರಿಯ ಮುದುಕ, ಕಲಘಟಗಿಯ ಜಗಳಗಂಟಿ, ಹೆಂಡತಿಗೆ ನೋವು ಬಂದರೆ ತಾನೇ ನೆಲಕ್ಕೆ ಬಿದ್ದ ಗಂಡ.

ಮೇಜಿನಲ್ಲಿ ಕೂತಾಗ ಮಾತಿಗೆ ಪುರಸೊತ್ತು ಇರುವುದಿಲ್ಲ. ಅರ್ಧ ಮಾತಿಗೇ ಹೊಸ ಕರೆಯ ಗಂಟೆ ಬಾರಿಸಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಅದಕ್ಕೇ ಇಡೀ ಕೇಂದ್ರದಲ್ಲಿ ಒಂದು ರೂಢಿ ಬೆಳೆದಿತ್ತು. ಮಗಳ ಮದುವೆ ಮಾತಿರಲಿ, ನೆಗೆಣ್ಣಿಯ ಕಾಟವಿರಲಿ, ಯಾರಾದರೂ ಶುರು ಮಾಡಿದರೆ ಪಕ್ಕದವಳು ಚಹಾದಾಗ ಹೇಳ ಎನ್ನುತ್ತಿದ್ದಳು. ಮಾತು ನಾಲ್ಕು ಗಂಟೆಯವರೆಗೆ ಕಾಯುತ್ತಿತ್ತು.

ಟಿಕಳಿ ಬಂತು, ವಿರಾಮಗಳು ಹೋದವು. ಯಾರೂ ತಕರಾರು ಮಾಡಲಿಲ್ಲ. ದಣಿವೇ ಇಲ್ಲದ ಮೇಲೆ ವಿರಾಮ ಯಾತಕ್ಕೆ? ಚಹಾದ ಕೋಣೆಯ ಗೋಡೆ ಒಡೆದು ಇನ್ನೂ ಎಂಟು ಮೇಜು ಹಾಕಿದರು. ಸುಳ್ಳು ಹೇಳಬಾರದು, ಆಂಬುಲೆನ್ಸುಗಳು ಮೊದಲಿಗಿಂತ ಬೇಗ ಹೋಗಿ ಮುಟ್ಟಿದವು, ಉಳಿಯಲಾರದಿದ್ದ ಎಷ್ಟೋ ಜೀವಗಳು ಉಳಿದವು. ಸಂಜೆ ಮನೆಗೆ ಹೋದರೆ ರೊಟ್ಟಿ ಬಡಿಯಲು ತೋಳಿನಲ್ಲಿ ಕಸುವು ಉಳಿದಿರುತ್ತಿತ್ತು. ಕಸ್ತೂರಿ ಮೊದಲ ತಿಂಗಳು ಟಿಕಳಿ ಮಾಡಿದವನಿಗೆ ಮನಸ್ಸಿನಲ್ಲೇ ಕೈಮುಗಿದಿದ್ದಳು.

ಈಗ ಆ ಪ್ರಶ್ನೆ.

ಅರ್ಷಿಯಾ ಇಪ್ಪತ್ತೆರಡರ ಹುಡುಗಿ, ತಾರಿಹಾಳದ ಔಷಧಿ ಗೋದಾಮಿನಲ್ಲಿ ಪೊಟ್ಟಣ ಕಟ್ಟುವ ಕೆಲಸ. ಕಸ್ತೂರಿ ಪಾಳಿ ಮುಗಿಸಿ ಹೊರಗೆ ಬಂದಾಗ ಗೇಟಿನ ಹತ್ತಿರ ನಿಂತಿದ್ದಳು. ಓಢಣಿಯ ಚುಂಗಿನಲ್ಲಿ ಕಟ್ಟಿಕೊಂಡಿದ್ದ ಚೀಟಿಯೊಂದನ್ನು ಬಿಚ್ಚಿ ಕೊಟ್ಟಳು. ಪುಪ್ಪುಸ ಗಟ್ಟಿಯಾಗುವ ಬೇನೆಯಿಂದ ಜುಬೇದಾ ಆಸ್ಪತ್ರೆ ಸೇರಿ, ಗಂಟಲಿಗೆ ನಳಿಕೆ ಹಾಕಿದ ಮೇಲೆ ಒಂಬತ್ತು ದಿನ ಮಾತಿಲ್ಲದೆ ಮಲಗಿದ್ದಳು. ಏನು ಬೇಕಾದರೂ ಬರೆದು ತೋರಿಸುತ್ತಿದ್ದಳು. ನೀರು, ಫ್ಯಾನು, ಕಾಲು ಒತ್ತು. ಈ ಚೀಟಿ ಕೊನೆಯ ದಿನದ್ದು. ನಡುಗುವ ಅಕ್ಷರದಲ್ಲಿ ಹೀಗಿತ್ತು: ಅರ್ಷಿಯಾ, ನಿನಗ ಹೇಳೂದೆಲ್ಲ ಕಸ್ತೂರಿಗೆ ಹೇಳೀನಿ. ಆಕಿನ್ನ ಕೇಳು.

ನಾಲ್ಕು ತಿಂಗಳು ಆ ಚೀಟಿ ತೆಗೆಯಲು ತನಗೆ ಧೈರ್ಯ ಬಂದಿರಲಿಲ್ಲ ಎಂದಳು ಅರ್ಷಿಯಾ. ಆಮೇಲೆ ಮೆಲ್ಲಗೆ ಕೇಳಿದಳು.

"ಕಸ್ತೂರಿ ಖಾಲಾ, ಅಮ್ಮಿ ನಿಮಗ ಏನ್ ಹೇಳಿದ್ಲು?"

ಕಸ್ತೂರಿ ಬಾಯಿ ತೆರೆದಳು. ಹೇಳಲು ಏನೂ ಇರಲಿಲ್ಲ. ಮರೆತ ಮಾತಾದರೆ ನಾಲಿಗೆಯ ತುದಿಯಲ್ಲಾದರೂ ಕಾಡುತ್ತದೆ, ಇದು ಹಾಗಲ್ಲ. ಅಂಗಳ ಗುಡಿಸಿದ ಹಾಗಿತ್ತು. ಹಳೆಯ ಒಂಬತ್ತು ವರ್ಷದ ಚಹಾ ಎಲ್ಲ ನೆನಪಿತ್ತು, ಯಾವ ದಿನ ಸಕ್ಕರೆ ಕಡಿಮೆಯಾಗಿತ್ತು ಎನ್ನುವವರೆಗೆ. ಕೊನೆಯ ಎರಡು ವರ್ಷದ್ದು ಎಂದರೆ ಪಕ್ಕದ ಕುರ್ಚಿ, ಹೆಡ್‌ಫೋನು ಸರಿಮಾಡುವ ಬಳೆಗೈ, ನಕಾಶೆಯ ಹಸಿರು ಬೆಳಕು. ಮುಖ ಸಹ ಸರಿಯಾಗಿ ಕೂರುತ್ತಿರಲಿಲ್ಲ.

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹೇಳುವುದು ಬಹಳ ಇದೆ, ಹೀಗೆ ಬೀದಿಯಲ್ಲಿ ನಿಂತು ಬೇಡ, ಸ್ವಲ್ಪ ದಿನ ಕೊಡು, ನಾನೇ ಕರೆಯುತ್ತೇನೆ ಎಂದಳು. ಆ ಹುಡುಗಿಯ ಮುಖ ಅಷ್ಟಕ್ಕೇ ಅರಳಿತು. ಕಸ್ತೂರಿ ಚೀಟಿಯನ್ನು ಮಡಚಿ ಅವಳ ಕೈಗೆ ವಾಪಸು ಕೊಟ್ಟಳು.

ಮನೆಯಲ್ಲಿ ಗಂಡ ಶೇಖಪ್ಪ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಅವನದು ಬೈಕಿನ ಸೀಟು ಹೊಲಿಯುವ ಅಂಗಡಿ. ಟಿಕಳಿ ಹಚ್ಚಿಕೊಳ್ಳದೆ ಉಳಿದ ಕೆಲವೇ ಜನರಲ್ಲಿ ಅವನೊಬ್ಬ. ಮಷಿನಿನ ಬಾಬಿನ್‌ನಲ್ಲಿ ದಾರ ಮುಗಿದಾಗೆಲ್ಲ ಅದನ್ನು ತುಂಬುವವರೆಗೆ ಸುಮ್ಮನೆ ಕೂರಲೇಬೇಕಲ್ಲ, ಅದೇ ನನ್ನ ಟಿಕಳಿ ಎಂದು ನಗುತ್ತಿದ್ದ. ಕಸ್ತೂರಿ ನಡೆದದ್ದನ್ನು ಹೇಳಿದಳು. ಅವನು ಅಡುಗೆಮನೆಯ ಕಡೆ ಕೈ ತೋರಿಸಿದ. ಹೋದ ದೀಪಾವಳಿಗೆ ಬಳಿದ ಈ ಹಳದಿ ಬಣ್ಣ ಯಾರು ಆರಿಸಿದ್ದು ಎಂದು ಕೇಳಿದ. ನೀನಿರಬೇಕು ಎಂದಳು. ಇಲ್ಲ, ಅವಳೇ ಮೂರು ಸಲ ಅಂಗಡಿಗೆ ಹೋಗಿ, ಜಗಳ ಮಾಡಿ ತಂದದ್ದು. ಹೋದ ವರ್ಷ ಗದಗಿನ ಮದುವೆಯಲ್ಲಿ ಯಾರು ಸಿಕ್ಕಿದ್ದರು? ಮದುವೆಗೆ ಹೋದದ್ದೇ ಅವಳಿಗೆ ಮಸುಕು ಮಸುಕು.

"ಮೊದ್ಲ ಮನಿಗೆ ಬಂದ್ರ ಸಾಕವಾ ಸಾಕು ಅನ್ನೂವಷ್ಟು ಕತಿ ಹೇಳ್ತಿದ್ದಿ," ಎಂದ ಶೇಖಪ್ಪ. "ಎರಡ್ ವರ್ಷ ಆತು, ಒಂದೂ ಹೇಳಿಲ್ಲ. ನನ್ನ ಮ್ಯಾಲೆ ಸಿಟ್ಟಾಗೀ ಅಂತ ಮಾಡಿದ್ದೆ."

ಅವನು ಎರಡು ವರ್ಷ ಆ ಸಿಟ್ಟಿನ ಕಾರಣ ಹುಡುಕುತ್ತಿದ್ದನಂತೆ. ಕಸ್ತೂರಿಗೆ ಅಳು ಬಂತು. ಟಿಕಳಿ ಅಳುವನ್ನೇನೂ ತೊಳೆಯುವುದಿಲ್ಲ.

ವಿದ್ಯಾನಗರದಲ್ಲಿ ನೆನಪಿನ ಬಗ್ಗೆ ಸಂಶೋಧನೆ ಮಾಡುವ ಡಾಕ್ಟರ್ ಪ್ರಫುಲ್ಲಾ ಇಟಗಿ ಎಂಬವರಿದ್ದರು, ಶೇಖಪ್ಪ ಅವಳನ್ನು ಅಲ್ಲಿಗೆ ಕರೆದೊಯ್ದ. ಅವರ ಪ್ರಯೋಗಶಾಲೆ ಎಂದರೆ ಎರಡು ಕೋಣೆ, ಒಂದು ಹಾಸಿಗೆ, ತಲೆಗೆ ಹಾಕುವ ತಂತಿಗಳ ಟೊಪ್ಪಿಗೆ. ಅವರು ಕಸ್ತೂರಿಗೆ ಒಂದು ಸಣ್ಣ ಕಥೆ ಓದಿ ಹೇಳಿದರು. ಮುಗಿದ ಕೂಡಲೇ ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಆಟ ಕೊಟ್ಟರು. ಮಾರನೆಯ ದಿನ ಟಿಕಳಿ ತೆಗೆಸಿ, ಇನ್ನೊಂದು ಕಥೆ ಹೇಳಿ, ದೀಪ ಕಡಿಮೆ ಮಾಡಿ, ಹತ್ತು ನಿಮಿಷ ಸುಮ್ಮನೆ ಕೂರಿಸಿದರು. ವಾರದ ಮೇಲೆ ಕರೆಸಿ ಎರಡನ್ನೂ ಕೇಳಿದರು. ಎರಡನೆಯ ಕಥೆಯಲ್ಲಿ ಕುಂಬಾರನ ಕತ್ತೆಯ ಬಣ್ಣವೂ ಅವಳಿಗೆ ನೆನಪಿತ್ತು. ಮೊದಲನೆಯದು ಯಾರ ಕಥೆ ಎಂಬುದೇ ಗೊತ್ತಿರಲಿಲ್ಲ.

ಇಟಗಿಯವರು ಕನ್ನಡಕ ತೆಗೆದಿಟ್ಟು ವಿವರಿಸಿದರು. ಹಾಲಿಗೆ ಹೆಪ್ಪು ಹಾಕಿದ ಮೇಲೆ ಪಾತ್ರೆಯನ್ನು ಒಂದು ಕಡೆ ಇಡಬೇಕು, ಅಲುಗಾಡಿಸುತ್ತಾ ಇದ್ದರೆ ಮೊಸರಾಗುವುದಿಲ್ಲ. ಮಿದುಳೂ ಹಾಗೆ. ಕೈ ಖಾಲಿ ಇದ್ದು ನಾವು ಸುಮ್ಮನೆ ಕೂತ ಹೊತ್ತಿನಲ್ಲಿ ಅದು ಸುಮ್ಮನಿರುವುದಿಲ್ಲ, ಆಗಷ್ಟೇ ನಡೆದದ್ದನ್ನೆಲ್ಲ ಒಳಗೊಳಗೇ ಮತ್ತೆ ನಡೆಸಿ ನೋಡುತ್ತದೆ. ಉಳಿಸಿಕೊಳ್ಳಬೇಕಾದದ್ದಕ್ಕೆ ಗುರುತು ಹಾಕುತ್ತದೆ. ರಾತ್ರಿಯ ನಿದ್ದೆ ಅದನ್ನು ಗಟ್ಟಿ ಮಾಡುವುದು ನಿಜ, ಆದರೆ ಹಗಲು ಗುರುತು ಹಾಕಿದ್ದನ್ನು ಮಾತ್ರ. ದಣಿವು ಮನುಷ್ಯನನ್ನು ಬಲವಂತವಾಗಿ ಕೂರಿಸುತ್ತಿತ್ತು, ಕೂತಾಗ ದಿನ ಹೆಪ್ಪುಗಟ್ಟುತ್ತಿತ್ತು.

"ಟಿಕಳಿ ದಣಿವನ್ನ ತಗೀತದ, ಕಸ್ತೂರಿಬಾಯಿ. ಬಿಡುವು ಕೊಡೂದಿಲ್ಲ. ಎರಡೂ ಒಂದೇ ಅಂತ ನಾವೆಲ್ಲ ತಿಳಕೊಂಡ್ವಿ."

ಹೋದದ್ದು ವಾಪಸು ಬರುತ್ತದೆಯೇ ಎಂದು ಕಸ್ತೂರಿ ಕೇಳಿದಳು. ಇಟಗಿಯವರು ಇಲ್ಲವೆಂದು ತಲೆಯಾಡಿಸಿದರು. ಹೆಪ್ಪೇ ಕಟ್ಟದ ಹಾಲಿನಿಂದ ಮೊಸರು ಎಲ್ಲಿಂದ ತರುವುದು? ತಲೆಯ ಹೊರಗೆ ಎಲ್ಲಾದರೂ ಉಳಿದಿದ್ದರೆ ನೋಡಿ, ಪತ್ರ, ಫೋಟೋ, ಏನಾದರೂ ಎಂದರು.

ಹೊರಗೆ ಉಳಿದದ್ದು ಎಂದೊಡನೆ ಕಸ್ತೂರಿಗೆ ಹೊಳೆಯಿತು. ಕೇಂದ್ರದ ಪ್ರತಿ ಮೇಜಿನ ಮೈಕು ಪಾಳಿ ಶುರುವಾದದ್ದರಿಂದ ಮುಗಿಯುವವರೆಗೆ ಎಲ್ಲವನ್ನೂ ಮುದ್ರಿಸಿಕೊಳ್ಳುತ್ತದೆ. ಕರೆಯನ್ನು ಮಾತ್ರವಲ್ಲ, ಎರಡು ಕರೆಗಳ ನಡುವಿನದನ್ನೂ.

ಮೇಲ್ವಿಚಾರಕ ವಿರೂಪಾಕ್ಷಿ ಕೆಟ್ಟವನಲ್ಲ, ನಿಯಮದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಹುಟ್ಟಿದವನು. ಅವನು ಪುಟ ತೆಗೆದು ತೋರಿಸಿದ. ಸ್ವಂತ ಮೇಜಿನ ಧ್ವನಿಮುದ್ರಣವನ್ನು ನೌಕರರು ಕೇಂದ್ರದ ಆವರಣದೊಳಗೆ, ತಮ್ಮ ವಿರಾಮದ ವೇಳೆಯಲ್ಲಿ ಮಾತ್ರ ಆಲಿಸತಕ್ಕದ್ದು. ನಿಯಮ ಹಳೆಯದು, ಯಾರೂ ತಿದ್ದಿರಲಿಲ್ಲ. ಈಗ ವಿರಾಮವೇ ಇಲ್ಲವಲ್ಲ, ಹಾಗಾಗಿ ಕೇಳುವ ವೇಳೆಯೂ ಇಲ್ಲ ಎಂದ ಅವನು, ತನಗೂ ಬೇಸರವಾದಂತೆ. ಹಾಗಾದರೆ ಯಾರಿಗೂ ವಿರಾಮ ಇಲ್ಲವೇ ಎಂದು ಕೇಳಿದಳು. ಒಬ್ಬನಿಗಿದೆ, ಬಾಗಿಲು ಕಾಯುವ ಮಾಬುಸಾಬನಿಗೆ. ಅವನ ತಲೆಬುರುಡೆಯಲ್ಲಿ ತಗಡು ಕೂರಿಸಿರುವುದರಿಂದ ಟಿಕಳಿ ಒಗ್ಗುವುದಿಲ್ಲ. ಒಗ್ಗದವರಿಗೆ ಹಳೆಯ ಎರಡು ವಿರಾಮ.

ಕಸ್ತೂರಿ ಕಿವಿಯ ಹಿಂದೆ ಕೈ ಹಾಕಿದಳು. ಟಿಕಳಿಯನ್ನು ಉಗುರಿನಿಂದ ಎಬ್ಬಿಸಿ, ಅವನ ಅರ್ಜಿ ನಮೂನೆಯ ಮೇಲೆ ಅಂಟಿಸಿದಳು.

"ನನಗೂ ಒಗ್ಗಾಂಗಿಲ್ಲ ಅಂತ ಬರಕೋರಿ."

ಮೊದಲ ವಾರ ಮೈಮೇಲೆ ಮೂಟೆ ಬಿದ್ದಂತಿತ್ತು. ಎರಡು ವರ್ಷದ ದಣಿವೆಲ್ಲ ಬಾಗಿಲ ಹೊರಗೆ ಕಾದು ನಿಂತು ಒಮ್ಮೆಲೇ ಒಳಗೆ ಬಂದಿತ್ತೋ ಎಂಬಂತೆ. ಅವಳನ್ನು ಕೊನೆಯ ಸಾಲಿಗೆ ಹಾಕಿದರು, ಕರೆಗಳನ್ನು ಅವಳಿಗೆ ಕಡಿಮೆ ಮಾಡಿದರು. ಪಕ್ಕದ ಹುಡುಗಿಯರು ಒಗೆಯಲು ಹಾಕಿದ ಬಟ್ಟೆಯಂತಿದ್ದ ಅವಳ ಮುಖ ನೋಡಿ, ಯಕ್ಕಾ ನಿನಗ ವಯಸ್ಸಾತು ಎಂದು ಕಾಡಿಸಿದರು. ಅವಳು ಕಣ್ಣುಜ್ಜಿಕೊಂಡು ಹನ್ನೊಂದಾಗುವುದನ್ನು ಕಾದಳು, ನಾಲ್ಕಾಗುವುದನ್ನು ಕಾದಳು.

ಚಹಾದ ಕೋಣೆ ಇರಲಿಲ್ಲವಾದ್ದರಿಂದ ಹಿಂದಿನ ಮೆಟ್ಟಿಲಿನ ತಿರುವಿನಲ್ಲಿ ಕೂರುತ್ತಿದ್ದಳು. ಕೆಳಗೆ ಬಾದಾಮಿ ಗಿಡ, ಅದರ ದೊಡ್ಡ ಕೆಂಪು ಎಲೆಗಳು. ಕಿವಿಗೆ ಹೆಡ್‌ಫೋನು. ಯಂತ್ರ ಜುಬೇದಾಳ ದನಿಯನ್ನು ಗುರುತು ಹಿಡಿದು, ಕಸ್ತೂರಿಯ ಮೇಜಿನ ಮೈಕಿಗೆ ಬಿದ್ದ ಅವಳ ಮಾತನ್ನೆಲ್ಲ ತಾರೀಖಿನ ಪ್ರಕಾರ ತುಂಡು ತುಂಡಾಗಿ ಜೋಡಿಸಿ ಕೊಟ್ಟಿತ್ತು. ಮೂರು ಸೆಕೆಂಡಿನದು, ಹತ್ತು ಸೆಕೆಂಡಿನದು. ಇಡೀ ಎರಡು ವರ್ಷದಲ್ಲಿ ಒಂದು ನಿಮಿಷ ದಾಟಿದ್ದು ಒಂದೂ ಇರಲಿಲ್ಲ.

ನಿನ್ನ ಗಂಡ ಗಡ್ಡ ಬಿಟ್ಟಾನೇನು, ಮೊನ್ನೆ ಬಜಾರದಾಗ ನೋಡಿ ಫಕೀರ ಅನಕೊಂಡೆ ಎನ್ನುತ್ತಿದ್ದಳು ಜುಬೇದಾ. ಇವತ್ತ ಒಬ್ಬಾಕಿ ಫೋನ್ ಮಾಡಿ, ಆಂಬುಲೆನ್ಸ್ ಬ್ಯಾಡ, ಸುಮ್ಮನ ಒಂದೀಟು ಮಾತಾಡ್ರಿ ಅಂದ್ಲು ಕಸ್ತೂರಿ ಎನ್ನುತ್ತಿದ್ದಳು. ಅದಕ್ಕೆ ಮುಂದೇನಾಯಿತು ಎಂದು ಯಾರೂ ಕೇಳಿರಲಿಲ್ಲ, ಕರೆಯ ಗಂಟೆ ಬಾರಿಸಿತ್ತು. ತನ್ನದೇ ದನಿ ಕೇಳಿ ಕಸ್ತೂರಿಗೆ ಪರಕೀಯಳೊಬ್ಬಳ ದನಿ ಕೇಳಿದಂತಾಗುತ್ತಿತ್ತು. ಚುರುಕಾದ, ಸ್ವಚ್ಛವಾದ, ಎಲ್ಲಿಯೂ ನಿಲ್ಲದ ದನಿ. ಹದಿನೈದು ನಿಮಿಷ ಮುಗಿಯುವಷ್ಟರಲ್ಲಿ ನಾಲ್ಕೈದು ತುಂಡು ಮಾತ್ರ ಕೇಳುತ್ತಿದ್ದಳು, ಉಳಿದ ಹೊತ್ತು ಬಾದಾಮಿ ಎಲೆಗಳನ್ನು ನೋಡುತ್ತ ಕೂರುತ್ತಿದ್ದಳು. ಅವಸರ ಮಾಡಿದರೆ ಜುಬೇದಾ ಎರಡನೆಯ ಸಲವೂ ಕೈತಪ್ಪಿ ಹೋಗುತ್ತಾಳೆಂಬ ಹೆದರಿಕೆ.

ಎಂಟನೆಯ ತಿಂಗಳ ತುಂಡುಗಳಿಂದ ಕೆಮ್ಮು ಶುರುವಾಯಿತು. ಮೊದಲು ಮಾತಿನ ಕೊನೆಗೆ, ಆಮೇಲೆ ಮಾತಿನ ನಡುವೆ, ವರ್ಷ ಕಳೆಯುವ ಹೊತ್ತಿಗೆ ಕೆಮ್ಮಿನ ನಡುವೆ ಮಾತು. ಈ ಕೆಮ್ಮನ್ನು ಕಸ್ತೂರಿ ಆಗ ಕೇಳಿರಲಿಲ್ಲ ಎಂದಲ್ಲ. ಒಂದು ಮೊಳ ದೂರದಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ ಕೇಳಿದ್ದಳು. ಪ್ರತಿ ಸಲವೂ ಅವಳಿಗೆ ಅದು ಮೊದಲ ಕೆಮ್ಮಾಗಿತ್ತು.

ಆರನೆಯ ವಾರ, ಒಂದು ಬುಧವಾರ ನಾಲ್ಕು ಗಂಟೆಯ ವಿರಾಮದಲ್ಲಿ ಅದು ಸಿಕ್ಕಿತು.

"ಕಸ್ತೂರಿ, ಅರ್ಷಿಯಾಂದು ನಿನಗೊಂದು ಮಾತು ಹೇಳೂದೈತಿ."

"ಚಹಾದಾಗ ಹೇಳ."

ಆಮೇಲೆ ಗಂಟೆ. ಆಮೇಲೆ ಕಸ್ತೂರಿಯದೇ ದನಿ, ನಮಸ್ಕಾರ, ಜೀವಕರೆ ಕೇಂದ್ರ, ಏನಾಗಿದೆ ಹೇಳಿ.

ಕಸ್ತೂರಿ ಮತ್ತೆ ಹಾಕಿ ಕೇಳಿದಳು. ಚಹಾ ಹೋಗಿ ಒಂದೂವರೆ ವರ್ಷವಾಗಿದ್ದ ದಿನ ಅದು. ಕೋಣೆ ಇರಲಿಲ್ಲ, ವಿರಾಮ ಇರಲಿಲ್ಲ, ಥರ್ಮಾಸು ಜುಬೇದಾಳ ಮನೆಯ ಅಟ್ಟ ಸೇರಿತ್ತು. ಚಹಾದಾಗ ಹೇಳ ಎಂಬ ಮಾತು ಮಾತ್ರ ನಾಲಿಗೆಯ ಮೇಲೆ ಉಳಿದುಬಿಟ್ಟಿತ್ತು. ಇಬ್ಬರಿಗೂ ಅದು ವಿಚಿತ್ರ ಅನ್ನಿಸಿರಲಿಲ್ಲ. ಜುಬೇದಾ ಹೂಂ ಎಂದು ತನ್ನ ಮೇಜಿಗೆ ತಿರುಗಿಕೊಂಡಿದ್ದಳು.

ಮುಂದಿನ ದಿನಗಳಲ್ಲಿ ಅಂಥವು ಇನ್ನೂ ಆರು ಸಿಕ್ಕವು. ಆರು ಸಲವೂ ಜುಬೇದಾ ಶುರು ಮಾಡಿದ್ದಳು. ಆರು ಸಲವೂ ಕಸ್ತೂರಿ ಚಹಾದಾಗ ಎಂದಿದ್ದಳು. ಪಟ್ಟಿಯ ಕೊನೆಯ ತುಂಡು ಜುಬೇದಾ ಆಸ್ಪತ್ರೆ ಸೇರುವ ಹಿಂದಿನ ದಿನದ್ದು.

"ಅರ್ಷಿಯಾಂದು ನಿನಗ ಹೇಳಿದ್ನಲ್ಲ?"

"ಹೂಂ, ಹೇಳಿದಿ."

"ಹಂಗಾರ ಛಲೋ ಆತು."

ಅಷ್ಟೇ. ಹೇಳಿದ್ದೇನೆಂದು ಜುಬೇದಾ ನಂಬಿದ್ದಳು, ಕೇಳಿದ್ದೇನೆಂದು ಕಸ್ತೂರಿ ನಂಬಿದ್ದಳು. ಆ ಮಾತು ಎರಡು ಕುರ್ಚಿಗಳ ನಡುವೆ, ಇಲ್ಲದ ಚಹಾಕ್ಕೆ ಕಾಯುತ್ತ ಉಳಿದುಹೋಗಿತ್ತು. ಕಸ್ತೂರಿ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡಳು. ವಿರಾಮ ಮುಗಿದದ್ದು ಅವಳಿಗೆ ಗೊತ್ತಾಗಲಿಲ್ಲ. ಮಾಬುಸಾಬ್ ಬಂದು ಯವ್ವಾ, ಹೊತ್ತಾತು ಎಂದ ಮೇಲೆ ಎದ್ದಳು.

ಮನೆಯಲ್ಲಿ ಶೇಖಪ್ಪ ಎಲ್ಲ ಕೇಳಿಸಿಕೊಂಡು, ಒಂದು ಒಳ್ಳೆಯ ಮಾತು ಕಟ್ಟಿ ಹೇಳಿಬಿಡು ಎಂದ. ನೀ ಚೆನ್ನಾಗಿರು, ಓದು ಬಿಟ್ಟಿದ್ದು ಮತ್ತೆ ಶುರು ಮಾಡು, ಅಬ್ಬಾನನ್ನು ನೋಡಿಕೋ, ಯಾವ ತಾಯಿ ತಾನೇ ಇದನ್ನು ಹೇಳುವುದಿಲ್ಲ. ಯಾರಿಗೆ ಗೊತ್ತಾಗುತ್ತದೆ? ಅದರಲ್ಲಿ ಅವನ ಕರುಣೆ ಇತ್ತು. ಕಸ್ತೂರಿ ಎರಡು ದಿನ ಮಾತು ಕಟ್ಟಲು ನೋಡಿದಳು ಕೂಡ, ಕಣಕ ಕಲಸುತ್ತ, ಬಸ್ಸಿನಲ್ಲಿ ನಿಂತು. ಒಂದೊಂದು ವಾಕ್ಯಕ್ಕೂ ಮನಸ್ಸಿನಲ್ಲಿ ಜುಬೇದಾಳ ದನಿ ಕೊಟ್ಟು ನೋಡಿದಳು. ದನಿ ಕೂರಲಿಲ್ಲ. ಎಲ್ಲರ ಅಣಕು ಮಾಡುತ್ತಿದ್ದವಳನ್ನು ಅಣಕು ಮಾಡುವುದು ಅಷ್ಟು ಸುಲಭವಲ್ಲ.

ಅರ್ಷಿಯಾಗೆ ಫೋನು ಮಾಡಿದಳು. ಶುಕ್ರವಾರ ನಾಲ್ಕಕ್ಕೆ ಕೇಂದ್ರದ ಹಿಂಬಾಗಿಲಿಗೆ ಬಾ, ಬರುವಾಗ ಅಟ್ಟದ ಮೇಲಿನ ಥರ್ಮಾಸಿನಲ್ಲಿ ಚಹಾ ಹಾಕಿಕೊಂಡು ಬಾ, ಯಾಲಕ್ಕಿ ಹೆಚ್ಚಿರಲಿ ಎಂದಳು.

ಹುಡುಗಿ ಹೇಳಿದ ಹೊತ್ತಿಗೆ ಬಂದಳು. ಗೋದಾಮಿನಿಂದ ಒಂದು ಗಂಟೆಯ ಅಪ್ಪಣೆ ತಂದಿದ್ದಳು. ಮಾಬುಸಾಬ್ ನೋಡಿಯೂ ನೋಡದವನಂತೆ ಒಳಗೆ ಬಿಟ್ಟ. ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ಕೂತರು. ಕಸ್ತೂರಿ ಮೊದಲು ಚಹಾ ಸುರಿಯಲಿಲ್ಲ. ಮೊದಲು ಹೆಡ್‌ಫೋನು ಅವಳ ಕಿವಿಗಿಟ್ಟು ಏಳು ತುಂಡುಗಳನ್ನೂ ಕೇಳಿಸಿದಳು, ಕೊನೆಯದನ್ನೂ. ತಾಯಿಯ ದನಿ ಕೇಳಿ ಅರ್ಷಿಯಾಳ ಬೆರಳುಗಳು ಓಢಣಿಯನ್ನು ಹಿಂಡಿದವು. ಕೊನೆಯದು ಮುಗಿದ ಮೇಲೂ ಏನೋ ಬರುತ್ತದೆಂದು ಅವಳು ಕಾದಳು.

"ಅಂದ್ರ ಏನೂ ಇಲ್ಲ," ಎಂದಳು.

"ಆ ಮಾತು ಇಲ್ಲವ್ವಾ. ನಾ ಕೇಳಲಿಲ್ಲ. ಏಳು ಸಲ ಹೇಳಾಕ ಬಂದ್ಲು, ನಾ ಕೇಳಲಿಲ್ಲ."

ಅರ್ಷಿಯಾ ಏಳಲು ಹೋದಳು. ಸಿಟ್ಟಿಗೋ, ಅಳು ಕಾಣಬಾರದೆಂದೋ. ಕಸ್ತೂರಿ ಅವಳ ಮೊಣಕೈ ಹಿಡಿದು, ಆ ಎರಡು ವರ್ಷದ್ದು ಇಲ್ಲ, ಅದಕ್ಕೆ ಮೊದಲಿನ ಒಂಬತ್ತು ವರ್ಷದ ಚಹಾ ನನ್ನ ಹತ್ತಿರ ಇದೆ, ದಿನಕ್ಕೆ ಎರಡು ಸಲದಂತೆ, ನಿನ್ನ ಸುದ್ದಿ ಬರದ ದಿನ ಅದರಲ್ಲಿ ಕಡಿಮೆ ಎಂದಳು. ಹುಡುಗಿ ನಿಂತೇ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಕೂತಳು.

ಕಸ್ತೂರಿ ಚಹಾ ಸುರಿದಳು. ಹೇಳಲು ಬಾಯಿ ತೆರೆದವಳು ತಡೆದು, ಹುಡುಗಿಯ ಓಢಣಿ ಸರಿಸಿ ಕಿವಿಯ ಹಿಂದೆ ನೋಡಿದಳು.

"ಅದನ್ನ ತಗದಿಡವಾ. ಅದಿದ್ರ ಇದೂ ನಿಲ್ಲಾಂಗಿಲ್ಲ."

ಅರ್ಷಿಯಾ ಅನುಮಾನಿಸಿದಳು. ಇನ್ನೂ ಆರು ಗಂಟೆಯ ಪಾಳಿ ಬಾಕಿ ಇತ್ತು ಅವಳಿಗೆ. ಆಮೇಲೆ ಟಿಕಳಿಯನ್ನು ಕಿತ್ತು, ಹೆಣ್ಣುಮಕ್ಕಳು ಹಣೆಯದನ್ನು ಕನ್ನಡಿಗೆ ಅಂಟಿಸಿಡುವ ಹಾಗೆ, ತಾಯಿಯ ಥರ್ಮಾಸಿನ ಮೈಗೆ ಅಂಟಿಸಿದಳು.

ಕಸ್ತೂರಿ ಒಂದೇ ಒಂದು ಹೇಳಿದಳು. ಅರ್ಷಿಯಾ ಹನ್ನೆರಡರವಳಿದ್ದಾಗಿನದು. ಒಂದು ಮಂಗಳವಾರ ಮಧ್ಯಾಹ್ನ ಜುಬೇದಾಳ ಮೇಜಿಗೆ ಕರೆ ಬಂತು. ಹೊಟ್ಟಿ ನೋವ್ರೀ ಎಂದು ದಪ್ಪ ಮಾಡಿಕೊಂಡ ಹುಡುಗಿಯ ದನಿ. ಜುಬೇದಾ ಹಲ್ಲು ಕಚ್ಚಿ ನಗು ತಡೆದು, ಕರೆ ಮಾಡಿದ ಯಾರಿಗೇ ಆದರೂ ಕೇಳುವಂತೆ ಹೆಸರು ಕೇಳಿದಳು, ವಯಸ್ಸು ಕೇಳಿದಳು, ನೋವು ಎಲ್ಲಿ ಎಂದು ಕೇಳಿದಳು. ವಿಳಾಸ ಹೇಳಿ ಎಂದಾಗ ಆ ಕಡೆಯಿಂದ, ನಿಮ್ಮ ಮನಿ ಎಂದು ಬಂದು ಫೋನು ಕಟ್ಟಾಯಿತು. ನಾಲ್ಕು ಗಂಟೆಗೆ ಜುಬೇದಾ ಅದನ್ನು ಆಡಿ ತೋರಿಸಿ ಚಹಾ ಚೆಲ್ಲುವಷ್ಟು ನಕ್ಕಳು, ಆಮೇಲೆ ಮೂಗು ಒರೆಸಿಕೊಂಡಳು.

ಅರ್ಷಿಯಾ ಬಸಿಯನ್ನು ಮೆಟ್ಟಿಲ ಮೇಲಿಟ್ಟಳು.

"ಅಮ್ಮಿಗೆ ಗೊತ್ತಿತ್ತಾ? ನಾನ ಅಂತ?"

"ಗೊತ್ತಿರಲಾರದ ಏನು. ಬೇರೆ ಯಾರರ ಆಗಿದ್ರ ಬೈದು ಇಡ್ತಿದ್ಲು. ಮುಂದಿನ ಮಂಗಳವಾರಾನೂ ಮಾಡ್ತಾಳೇನು ಅಂತ ಚಹಾನೂ ಬಿಟ್ಟು ಮೇಜು ಕಾದಿದ್ಲು. ನೀ ಮಾಡಲಿಲ್ಲ."

"ಬೈತಾಳ ಅಂತ ಅಂಜಿದ್ದೆ."

ಹುಡುಗಿ ಇನ್ನೊಂದು ಹೇಳಿ ಎಂದಳು. ನಾಳೆ ಎಂದಳು ಕಸ್ತೂರಿ, ನಾಳೆ ನಾಲ್ಕಕ್ಕೆ, ಈಗ ಇದು ನಿಲ್ಲಲಿ. ವಿರಾಮ ಮುಗಿಯಲು ಇನ್ನೂ ಆರು ನಿಮಿಷವಿತ್ತು. ಇಬ್ಬರೂ ಏನೂ ಮಾಡಲಿಲ್ಲ. ಬಾದಾಮಿ ಗಿಡದಿಂದ ಎಲೆಯೊಂದು ಕಳಚಿ, ಅತ್ತಿತ್ತ ಓಲಾಡಿ, ಕೆಳಗಿನ ಮೆಟ್ಟಿಲ ಮೇಲೆ ಕೂತಿತು. ಅರ್ಷಿಯಾ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವಳ ರೆಪ್ಪೆ ಭಾರವಾಗಿ, ಬಾಯಿ ತಾನಾಗಿ ತೆರೆದು ದೊಡ್ಡದೊಂದು ಆಕಳಿಕೆ ಬಂತು. ಕೈ ಅಡ್ಡ ಹಿಡಿಯಲಿಲ್ಲ.